ನಮ್ಮ ಅರ್ಜಿ ನಾವೇ ಬರೆಯೋಣ

ಕಳೆದ ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಕೆಲಸ ಕೇಳಲು ಹೋಗಿದ್ದೆ. ಮಾಲೀಕರು ಹಾಳೆ ಕೊಟ್ಟು, ‘ನಿನ್ನ ಬಗ್ಗೆ ಅರ್ಧ ಪೇಜ್ ಬರದು ಕೊಡಪಾ’ ಎಂದರು. ಹತ್ತು ನಿಮಿಷ ಪೆನ್ನು ಹಿಡಿದು ಕುಳಿತೆ. ಕೊನೆಗೆ ಹಾಳೆಗೆ ಇಳಿದದ್ದು ಗೈಡ್ ನೋಡಿ ಬಾಯಿಪಾಠ ಮಾಡಿದ್ದ ರಜೆ ಅರ್ಜಿಯ ಸಾಲುಗಳು! ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು.

ಇದು ನನ್ನೊಬ್ಬನ ಕಥೆಯಲ್ಲ. ಮನೆಯಲ್ಲಿ ಉರ್ದು, ಓಣಿಯಲ್ಲಿ ಧಾರವಾಡ ಕನ್ನಡ, ತರಗತಿಯಲ್ಲಿ ಪುಸ್ತಕದ ಕನ್ನಡ, ಅರ್ಜಿಯಲ್ಲಿ ಇಂಗ್ಲಿಷ್. ನಮ್ಮಲ್ಲಿ ಬಹಳ ಮಂದಿ ಹೀಗೇ ಬೆಳೆದವರು. ಮಾತು ಬರುತ್ತದೆ, ಸ್ವಂತ ಮಾತನ್ನು ಬರೆಯುವ ರೂಢಿಯಿಲ್ಲ. ನಮ್ಮ ಅಜ್ಜಂದಿರು ತಹಶೀಲ್ದಾರ್ ಕಚೇರಿ ಮುಂದೆ ದುಡ್ಡು ಕೊಟ್ಟು ಅರ್ಜಿ ಬರೆಸುತ್ತಿದ್ದರು. ಇಷ್ಟು ವರ್ಷ ಓದಿದ ನಾವು ಕಂಪ್ಯೂಟರ್ ಸೆಂಟರಿನಲ್ಲಿ ಬರೆಸುತ್ತೇವೆ.

ಮುಂದೆ ಇದು ದುಬಾರಿಯಾಗುತ್ತದೆ. ಪಿಎಸ್‌ಐ ನೇಮಕಾತಿಯ ಮೊದಲ ಪತ್ರಿಕೆ 50 ಅಂಕದ್ದು: ಪ್ರಬಂಧ, ಸಾರಾಂಶ, ಭಾಷಾಂತರ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲೂ ಪ್ರಬಂಧಕ್ಕೇ ಒಂದು ಪತ್ರಿಕೆಯಿದೆ. ಅಲ್ಲಿ ಟಿಕ್ ಹಾಕಿ ಪಾರಾಗುವಂತಿಲ್ಲ.

ದಾರಿ ನಮ್ಮ ಕೈಯಲ್ಲೇ ಇದೆ. ಪಿಯು ಭಾಷಾ ವಿಷಯಗಳ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೆ ಸೇರಿದವು. ಈಗ ಅಸೈನ್‌ಮೆಂಟ್ ಎಂದರೆ ಗೆಳೆಯನದನ್ನು ನೋಡಿ ಬರೆದು, ಸ್ಕೆಚ್ ಪೆನ್ನಿನಿಂದ ಬಾರ್ಡರ್ ಹಾಕುವುದು. ಅದರ ಬದಲು ವರ್ಷಕ್ಕೆ ಮೂರು ಬರಹ ಸಾಕು. ಒಂದು, ಸ್ವಂತ ಹೆಸರಿನಲ್ಲಿ ಕೆಲಸದ ಅರ್ಜಿ. ಎರಡು, ಕಣ್ಣಾರೆ ಕಂಡ ಒಂದು ಕೆಲಸದ ವರದಿ: ನವಲಗುಂದದ ಜಮಖಾನ ನೇಯುವ ಹೆಣ್ಣುಮಕ್ಕಳನ್ನು ಮಾತನಾಡಿಸಿ ಬರೆಯಬಹುದು, ಎಪಿಎಂಸಿಯಲ್ಲಿ ಕಾಳಿನ ವ್ಯಾಪಾರ ನೋಡಿ ಬರೆಯಬಹುದು. ಮೂರು, ಮಾಹಿತಿ ಹಕ್ಕು ಅರ್ಜಿ. ನಮ್ಮ ರಾಜ್ಯದ ನಿಯಮದಂತೆ ಅದು ಒಂದೇ ವಿಷಯದ ಮೇಲೆ, ಸಾಮಾನ್ಯವಾಗಿ 150 ಪದ ಮೀರದಂತೆ ಇರಬೇಕು. ಚಿಕ್ಕದಾಗಿ, ನೇರವಾಗಿ ಬರೆಯಲು ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ಪ್ರತಿ ಬರಹವನ್ನೂ ಎರಡು ಸಲ ಬರೆಯಬೇಕು. ಇಡೀ ತರಗತಿಯ ಹಾಳೆಗಳನ್ನು ಎರಡೆರಡು ಸಲ ತಿದ್ದುವುದು ಗುರುಗಳಿಗೆ ಹೊರೆ, ನಿಜ. ಅದಕ್ಕೇ ಮೊದಲ ಪ್ರತಿಯನ್ನು ಪಕ್ಕದ ಬೆಂಚಿನವರು ಓದಲಿ, ಅರ್ಥವಾಗದ ಕಡೆ ಗೆರೆ ಎಳೆಯಲಿ. ತಿದ್ದಿ ಬರೆದ ಪ್ರತಿ ಮಾತ್ರ ಗುರುಗಳ ಕೈಗೆ ಹೋಗಲಿ, ಅಂಕವೂ ಅದಕ್ಕೇ ಸಿಗಲಿ.

ನಾನು ಪರೀಕ್ಷೆ ಮುಗಿಸಿ ಕಾಲೇಜು ಬಿಡುವವನು. ಪ್ರಥಮ ಪಿಯುಸಿಯ ಒಂದೇ ತರಗತಿಯಲ್ಲಾದರೂ ಇದನ್ನು ಶುರು ಮಾಡಿ ಎಂದು ಭಾಷಾ ವಿಭಾಗದ ಗುರುಗಳಲ್ಲಿ ನನ್ನ ವಿನಂತಿ. ಮುಂದಿನ ಬೇಸಿಗೆಯಲ್ಲಿ ಯಾರಾದರೂ ಹಾಳೆ ಕೊಟ್ಟರೆ ನನ್ನ ತಮ್ಮ ತಂಗಿಯರು ನನ್ನ ಹಾಗೆ ಪೆನ್ನು ಹಿಡಿದು ಸುಮ್ಮನೆ ಕೂಡಬಾರದು.

– ದ್ವಿತೀಯ ಪಿಯುಸಿ ವಿದ್ಯಾರ್ಥಿ, ಕಲಾ ವಿಭಾಗ