ಶಾಲು ಬೇಡ, ಫಂಡಿನ ಲೆಕ್ಕ ಕೊಡಿ



ಮುದಿತನದಲ್ಲಿ ಸುಖವಾಗಿರಲು ಎಷ್ಟು ಹಣ ಕೂಡಿಡಬೇಕು ಎಂಬ ಪ್ರಶ್ನೆ ಈಗ ಮುಂಬಯಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ವಿಮೆಯ ಏಜಂಟನು ಎರಡು ಕೋಟಿ ಎನ್ನುತ್ತಾನೆ. ಬ್ಯಾಂಕಿನವನು ತುಸು ದಯೆ ತೋರಿಸಿ ಒಂದೂವರೆ ಎನ್ನುತ್ತಾನೆ. ನಮ್ಮ ಸಂಘಗಳ ವೇದಿಕೆಯಲ್ಲಿ ಕೂರುವ ಹಿರಿಯರು ಅಂಕೆಸಂಖ್ಯೆಯ ಗೋಜಿಗೇ ಹೋಗುವುದಿಲ್ಲ. "ಹುಡುಗರೇ, ದುಡಿಯುವಾಗಲೇ ಉಳಿಸಿ, ಗುಟ್ಕಾ ಬಿಡಿ, ದೊಡ್ಡ ಮೊಬೈಲಿನ ಹುಚ್ಚು ಬಿಡಿ" ಎಂದು ಉಪದೇಶ ಮಾಡಿ, ಚಹಾ ಕುಡಿದು, ಕಾರು ಹತ್ತುತ್ತಾರೆ. ಆ ಚಹಾ ತಂದಿಟ್ಟವನ ಮುದಿತನದ ಲೆಕ್ಕವನ್ನು ಮಾತ್ರ ಯಾರೂ ಮಾಡಿದ್ದು ನಾನು ಕಂಡಿಲ್ಲ. ನಾನು ಏಳನೆಯ ಇಯತ್ತೆಯ ತನಕ ಕಲಿತವನು. ಆದರೆ ಹನ್ನೊಂದು ವರ್ಷ ಮೇಜಿನ ಬಳಿ ನಿಂತು ಬಾಯಿಯಲ್ಲೇ ಬಿಲ್ಲು ಕೂಡಿಸಿದವನು. ಈ ಲೆಕ್ಕವನ್ನೂ ಕೂಡಿಸಿ ನೋಡೋಣ.

ಮೊದಲು ಒಂದು ಮಾತು. ಗುಮಾಸ್ತನ ನಿವೃತ್ತಿ ಬೇರೆ, ನಮ್ಮದು ಬೇರೆ. ಗುಮಾಸ್ತನು ಕೆಲಸ ಬಿಟ್ಟ ದಿನ ಅವನ ಪಗಾರ ನಿಲ್ಲುತ್ತದೆ. ಮನೆ ಇರುತ್ತದೆ, ಮನೆಯಲ್ಲಿ ಒಲೆ ಇರುತ್ತದೆ. ಹೊಟೇಲಿನವನಿಗೆ ಹಾಗಲ್ಲ. ಪಗಾರ, ಬೆಳಗಿನ ನಾಷ್ಟಾ, ಎರಡು ಹೊತ್ತಿನ ಊಟ, ರಾತ್ರಿ ಚಾಪೆ ಹಾಸುವ ಮಾಳಿಗೆ, ಇವೆಲ್ಲವೂ ಒಂದೇ ದಿನ ಹೋಗುತ್ತವೆ. ಮೂವತ್ತು ವರ್ಷ ಅಕ್ಕಿಯ ದರ ವಿಚಾರಿಸದೆ ಬದುಕಿದವನು ಅರುವತ್ತರಲ್ಲಿ ಮೊದಲ ಸಲ ಚೀಲ ಹಿಡಿದು ಅಂಗಡಿಗೆ ಹೋಗುತ್ತಾನೆ. ಆದುದರಿಂದ ಪೇಟೆಯಲ್ಲಿ ಹಂಚುವ ನಿವೃತ್ತಿಯ ಕೋಷ್ಟಕಗಳು ನಮಗೆ ಹೊಂದುವುದಿಲ್ಲ. ದುಡಿಯುವಾಗಿನ ಖರ್ಚಿಗಿಂತ ನಿವೃತ್ತಿಯ ಖರ್ಚು ಕಡಿಮೆ ಎಂಬ ನಂಬಿಕೆಯ ಮೇಲೆ ಅವುಗಳನ್ನು ಕಟ್ಟಿರುತ್ತಾರೆ. ನಮ್ಮ ಪಾಲಿಗೆ ಅದು ಹೆಚ್ಚುತ್ತದೆ.

"ಊಟ ವಸತಿ ಸಹಿತ" ಎಂಬ ಮೂರು ಶಬ್ದಗಳನ್ನು ನೆನಪಿಡಿ. ಕೆಲಸಕ್ಕೆ ಸೇರಿಸುವಾಗ ಧಣಿಗಳು ಇದನ್ನು ಪಗಾರವೆಂದೇ ಹೇಳುತ್ತಾರೆ: "ಕೈಗೆ ಹದಿನೈದು ಸಾವಿರ, ಊಟ ವಸತಿ ಲೆಕ್ಕ ಹಾಕಿದರೆ ಇಪ್ಪತ್ತೈದು ಬೀಳುತ್ತದೆ ಮಾರಾಯ." ಸರಿ, ಒಪ್ಪಿದೆವು. ಆದರೆ ಫಂಡು ಕಟ್ಟುವ ದಿನ ಬಂದಾಗ ಅದೇ ಊಟ ಧರ್ಮದ ಊಟವಾಗಿ ಬಿಡುತ್ತದೆ! 1952ರ ಪ್ರಾವಿಡೆಂಟ್ ಫಂಡ್ ಕಾನೂನಿನ ಆರನೆಯ ಕಲಮು ಏನು ಹೇಳಿತ್ತು ಗೊತ್ತೇ? ಕಾರ್ಮಿಕನಿಗೆ ಊಟದ ಸವಲತ್ತು ಕೊಟ್ಟರೆ ಅದರ ನಗದು ಬೆಲೆಯನ್ನು ತುಟ್ಟಿಭತ್ಯೆಯಲ್ಲಿ ಸೇರಿಸಿಯೇ ಫಂಡಿನ ವಂತಿಗೆ ಲೆಕ್ಕ ಹಾಕಬೇಕು ಎಂದು. ನಮ್ಮ ಅನ್ನದ ಬಟ್ಟಲನ್ನು ಪಾರ್ಲಿಮೆಂಟು ಎಪ್ಪತ್ತು ವರ್ಷಗಳ ಹಿಂದೆಯೇ ಲೆಕ್ಕಕ್ಕೆ ಹಿಡಿದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಪಗಾರದ ಬದಲು ವಸ್ತುರೂಪದಲ್ಲಿ ಕೊಟ್ಟದ್ದನ್ನು ಒಟ್ಟು ವೇತನದ ಶೇಕಡಾ 15ರ ಮಿತಿಯೊಳಗೆ ವೇತನವೆಂದೇ ಎಣಿಸಲಾಗುತ್ತದೆ. ಇದನ್ನು ಲೆಕ್ಕಕ್ಕೆ ತಂದ ಹೊಟೇಲು ಮುಂಬಯಿಯಲ್ಲಿ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಗಂಡ ಹೆಂಡತಿ ಇಬ್ಬರೇ ಕುಂದಾಪುರದ ಕಡೆ ಒಂದು ಹಳ್ಳಿಯಲ್ಲಿ ತಮ್ಮದೇ ಹಂಚಿನ ಮನೆಯಲ್ಲಿದ್ದಾರೆ ಎಂದು ಇಟ್ಟುಕೊಳ್ಳಿ. ಅಕ್ಕಿ, ತೆಂಗಿನಕಾಯಿ, ಮೀನು ತರಕಾರಿ, ಗ್ಯಾಸು, ಕರೆಂಟು, ಬಿಪಿ-ಸಕ್ಕರೆ ಕಾಯಿಲೆಯ ಮಾತ್ರೆ, ಮದುವೆ ಮುಂಜಿಯ ಮುಯ್ಯಿ, ದೈವದ ಕೋಲಕ್ಕೆ ವಂತಿಗೆ, ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವ ಕೂಲಿ. ತಿಂಗಳಿಗೆ ರೂ. 15,000 ಹಿಡಿಯೋಣ, ಇದರಲ್ಲಿ ಆಸ್ಪತ್ರೆ ಇಲ್ಲ. ನಾಲಾಸೋಪಾರದಲ್ಲೋ ಡೊಂಬಿವಲಿಯಲ್ಲೋ ಬಾಡಿಗೆ ಖೋಲಿಯಲ್ಲಿ ಉಳಿಯುವವನಿಗೆ ಇದು ಬಾಡಿಗೆ ಕೊಟ್ಟು ಮುಗಿಯುವಷ್ಟರಲ್ಲಿ ಅರ್ಧವಾಗುತ್ತದೆ, ಅವನ ಮಾತು ಸದ್ಯ ಬಿಡೋಣ. ತಿಂಗಳಿಗೆ 15,000 ಎಂದರೆ ವರ್ಷಕ್ಕೆ 1,80,000. ಶೇಕಡಾ 6ರ ಬಡ್ಡಿಯಲ್ಲಿ ಇಷ್ಟು ಬರಬೇಕಾದರೆ ಬ್ಯಾಂಕಿನಲ್ಲಿ 30 ಲಕ್ಷ ಇರಬೇಕು. ಇದು ಇಂದಿನ ಬೆಲೆಯ ಮಾತು. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷಕ್ಕೊಮ್ಮೆ ಎಲ್ಲವೂ ದುಪ್ಪಟ್ಟು. ಇಂದು 36ರ ಸಪ್ಲಾಯರನು 60ಕ್ಕೆ ಊರಿಗೆ ಹೋದಾಗ ಅದೇ ಗಂಜಿ ಊಟಕ್ಕೆ ತಿಂಗಳಿಗೆ 60,000 ಬೇಕು. ಏಜಂಟನ ಕೋಟಿ ಸುಳ್ಳಲ್ಲ ಕಾಣಿರಿ. ಹದಿನೈದು ಸಾವಿರ ಪಗಾರದವನು ಅದನ್ನು ಉಳಿತಾಯದಿಂದ ಮಾಡಬಲ್ಲ ಎಂಬುದು ಮಾತ್ರ ಸುಳ್ಳು. ಅವನು ಗುಟ್ಕಾದ ಜೊತೆಗೆ ಉಸಿರಾಡುವುದನ್ನು ಬಿಟ್ಟರೂ ಆಗದು.

ಹಾಗಾದರೆ ದಾರಿ ಯಾವುದು? ದಾರಿಯನ್ನು ಕಾನೂನು ಹಾಕಿಟ್ಟಿದೆ. ಧಣಿಗಳು ಅದಕ್ಕೆ ಬೇಲಿ ಹಾಕಿದ್ದಾರೆ. 20 ಮಂದಿ ದುಡಿಯುವ ಹೊಟೇಲಿನಲ್ಲಿ ಫಂಡು ಕಡ್ಡಾಯ. 15,000 ಪಗಾರಕ್ಕೆ ಕಾರ್ಮಿಕನದು ಶೇಕಡಾ 12, ಅಂದರೆ 1,800, ಮಾಲಿಕನದು ಅಷ್ಟೇ. ಮಾಲಿಕನ ಪಾಲಿನಲ್ಲಿ 1,250 ಪಿಂಚಣಿಗೆ ಹೋಗಿ, ಉಳಿದ 550 ಸೇರಿ ತಿಂಗಳಿಗೆ 2,350 ಫಂಡಿಗೆ ಬೀಳುತ್ತದೆ. ಮೂವತ್ತು ವರ್ಷ ಶೇಕಡಾ 8ರ ಬಡ್ಡಿ ಸಿಕ್ಕಿದರೆ, ಪಗಾರ ಒಂದು ಪೈಸೆ ಏರದಿದ್ದರೂ, ಸುಮಾರು 33 ಲಕ್ಷ. ಪಿಂಚಣಿಯ ಲೆಕ್ಕ ಹೀಗೆ: ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು, 20 ವರ್ಷ ತುಂಬಿಸಿದವನಿಗೆ ಎರಡು ವರ್ಷ ಹೆಚ್ಚಾಗಿ ಸೇರಿಸುತ್ತಾರೆ. 15,000ಕ್ಕೆ 32 ವರ್ಷ ಎಂದರೆ ತಿಂಗಳಿಗೆ 6,857. ಇದಲ್ಲದೆ ಗ್ರಾಚ್ಯುಟಿ. ಅದಕ್ಕೆ 10 ಮಂದಿ ಇದ್ದರೆ ಸಾಕು. ತುಂಬಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ಮೂವತ್ತು ವರ್ಷಕ್ಕೆ 2,59,615.

ಅಂಧೇರಿಯ ಒಂದು ಹೊಟೇಲಿನಲ್ಲಿ 31 ವರ್ಷ ದೋಸೆ ಕಲ್ಲಿನ ಮುಂದೆ ನಿಂತ ಭಟ್ಟರೊಬ್ಬರನ್ನು ಧಣಿಗಳು ಈಚೆಗೆ ಬೀಳ್ಕೊಟ್ಟರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಲಕೋಟೆಯಲ್ಲಿ 51,000 ರೂಪಾಯಿ. ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋ ಪೇಪರಿನಲ್ಲಿ ಬಂತು. ಭಟ್ಟರು ಮತ್ಸ್ಯಗಂಧ ಹತ್ತುವ ಮುನ್ನ ಕೇಳಿದೆ: "ಭಟ್ರೇ, ಫಂಡಿನ ನಂಬ್ರ ಉಂಟಾ?" "ಎಂಥ ಫಂಡು ಮಾರಾಯ, ಧಣಿಗಳು ನಮ್ಮ ಊರಿನವರೇ ಅಲ್ವಾ?" ಎಂದರು. ಇನ್ನೊಮ್ಮೆ ಓದಿರಿ. ಊರಿನವರು ಎಂಬುದಕ್ಕಾಗಿಯೇ ಫಂಡು ಕೇಳಲಿಲ್ಲ! ಆ ಶಾಲು ಎಷ್ಟು ದುಬಾರಿಯದೆಂದು ಮೇಲಿನ ಲೆಕ್ಕದೊಡನೆ ತೂಗಿ ನೋಡಿರಿ. ಗ್ರಾಚ್ಯುಟಿಯೊಂದರಲ್ಲೇ ಎರಡು ಲಕ್ಷಕ್ಕೂ ಮೇಲೆ ಧಣಿಗಳ ಗಲ್ಲಾದಲ್ಲಿ ಉಳಿಯಿತು.

ಧಣಿಗಳ ಉಪಾಯಗಳು ಹಲವು. ಮೂವತ್ತು ಜನರಿದ್ದರೂ ರಿಜಿಸ್ಟರಿನಲ್ಲಿ ಹತ್ತೊಂಬತ್ತು. ಕೆಳಗಿನ ಹೊಟೇಲು ಅಣ್ಣನ ಹೆಸರು, ಮೇಲಿನ ಎ.ಸಿ. ಹಾಲು ಅತ್ತಿಗೆಯ ಹೆಸರು. ಅಡಿಗೆಮನೆ ಮಾತ್ರ ಒಂದೇ. ಬೇರೆ ಬೇರೆ ವಿಭಾಗ, ಶಾಖೆಗಳಿದ್ದರೂ ಸಂಸ್ಥೆ ಒಂದೇ ಎಂದು 1952ರ ಕಾನೂನು ಆಗಲೇ ಹೇಳಿತ್ತು. ಎರಡು ವರ್ಷಕ್ಕೊಮ್ಮೆ ಊರಿಗೆ ಕಳಿಸಿ, ತಿರುಗಿ ಬಂದಾಗ ಹೊಸ ನೇಮಕವೆಂದು ಬರೆಯುವುದು ಇನ್ನೊಂದು ಉಪಾಯ. ಹೊಟೇಲನ್ನು ನಡೆಸಲು ಬೇರೆಯವರಿಗೆ ಕೊಟ್ಟು, "ನಿಮ್ಮ ಹಳೆಯ ಬಾಕಿ ನನಗೆ ಗೊತ್ತಿಲ್ಲ" ಎಂದು ಹೊಸಬನಿಂದ ಹೇಳಿಸುವುದು ಮತ್ತೊಂದು. ಎಲ್ಲಕ್ಕಿಂತ ನೀಚವಾದದ್ದು, ಮಾಲಿಕನ ಪಾಲನ್ನೂ ಕಾರ್ಮಿಕನ ಪಗಾರದಿಂದಲೇ ಮುರಿಯುವುದು. ಅದು ಅಪರಾಧವೆಂದು ಧಣಿಗಳ ಲೆಕ್ಕಿಗನಿಗೆ ಚೆನ್ನಾಗಿ ಗೊತ್ತು.

ಮಾಲಿಕರಿಗೂ ಕಷ್ಟಗಳಿವೆ, ಬಾಡಿಗೆ, ಗ್ಯಾಸು, ಮನೆಬಾಗಿಲಿಗೆ ತಿಂಡಿ ಮುಟ್ಟಿಸುವ ಕಂಪನಿಗಳ ಕಮಿಶನು. ಹಲವರು ಒಂದು ಕಾಲದಲ್ಲಿ ನಮ್ಮಂತೆಯೇ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು. ಆದರೆ ಅವರು ಕಟ್ಟಿಸುವ ಸಭಾಭವನಕ್ಕೆ ಹಣವಿದೆ, ಅಷ್ಟಮಂಗಲಕ್ಕೆ ಹಣವಿದೆ, ತಿಂಗಳಿಗೆ 1,800 ಇಲ್ಲವೇ? "ಹುಡುಗರೇ ಫಂಡು ಬೇಡ, ಪೂರ್ತಿ ಪಗಾರ ಕೈಗೆ ಕೊಡಿ ಎನ್ನುತ್ತಾರೆ" ಎಂಬುದು ಅವರ ಕಡೆಯ ಬಾಣ. ಎನ್ನುತ್ತಾರೆ, ನಿಜ. ಊರಲ್ಲಿ ಸಾಲ ಇಟ್ಟುಕೊಂಡ ಇಪ್ಪತ್ತರ ಹುಡುಗ ಹಾಗೆನ್ನದೆ ಇನ್ನೇನೆಂದಾನು? ಆದುದರಿಂದಲೇ ಕಾನೂನು ಅದನ್ನು ಅವನ ಇಷ್ಟಕ್ಕೂ ಬಿಟ್ಟಿಲ್ಲ, ಧಣಿಯ ಇಷ್ಟಕ್ಕೂ ಬಿಟ್ಟಿಲ್ಲ.

ಊರಿನಲ್ಲಿ ಜಗಲಿಯ ಮೇಲೆ ಕೂತು ಬೀಡಿ ಕಟ್ಟುವ ನಮ್ಮ ಅಮ್ಮ, ಅಕ್ಕಂದಿರನ್ನು ನೋಡಿರಿ. ಮನೆಯಲ್ಲಿ ಕೂತು ಕಟ್ಟುವವರು ನಮ್ಮ ನೌಕರರೇ ಅಲ್ಲ ಎಂದು ಬೀಡಿ ಮಾಲಿಕರು ಸುಪ್ರೀಂ ಕೋರ್ಟಿನ ತನಕ ಹೋದರು. 1985ರಲ್ಲಿ ಕೋರ್ಟು, ಅವರೂ ನೌಕರರೇ, ಫಂಡು ಕಟ್ಟಿ ಎಂದಿತು. ಜಗಲಿಯಲ್ಲಿ ಕೂತ ಹೆಂಗಸು ಪಡೆದದ್ದನ್ನು ಧಣಿಯ ಕಣ್ಣೆದುರು ಹದಿನಾಲ್ಕು ತಾಸು ನಿಲ್ಲುವ ಗಂಡಸು ಪಡೆದಿಲ್ಲ. ಪರೇಲಿನ ಗಿರಣಿ ಕಾರ್ಮಿಕನಿಗೂ 1982ರ ಮುಷ್ಕರದಲ್ಲಿ ಸರ್ವಸ್ವ ಹೋದರೂ ಟಿಕೆಟ್ ನಂಬರೊಂದು ಉಳಿಯಿತು. ತಾನು ದುಡಿದೆನೆಂದು ತೋರಿಸಲು ಕಾಗದವಿತ್ತು. ನಮ್ಮಲ್ಲಿ ಏನಿದೆ? 2020ರ ಲಾಕ್‌ಡೌನಿನಲ್ಲಿ ಫಂಡಿದ್ದವರು ಅದರಿಂದ ಮುಂಗಡ ತೆಗೆದರು. ನಾವು ಊರಿಗೆ ಹೋಗಲು ಬಸ್ಸಿನ ಹಣಕ್ಕಾಗಿ ಸಂಘದವರ ಕೈ ನೋಡಿದೆವು.

ಕಾನೂನಿನಂತೆ ಎಲ್ಲ ಸಿಕ್ಕಿದರೂ ಸಾಲದು, ಅದನ್ನೂ ಹೇಳಿಬಿಡುತ್ತೇನೆ. ಮೂವತ್ತು ವರ್ಷದ ಮೇಲಿನ ಆ 33 ಲಕ್ಷ ಇಂದಿನ ಬೆಲೆಯಲ್ಲಿ 6 ಲಕ್ಷವೂ ಆಗದು. ಪಗಾರ ಏರಿದಂತೆ ಫಂಡೂ ಏರಿದರೆ ಮಾತ್ರ ಅದಕ್ಕೆ ಮೈ ತುಂಬೀತು. ಪಗಾರದ ಹೋರಾಟವೂ ಮುದಿತನದ ಹೋರಾಟವೂ ಒಂದೇ ಆಗುವುದು ಇಲ್ಲಿ. ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ ಪಿಂಚಣಿ ಸಾವಿರ ರೂಪಾಯಿ ಎಂದು ಗೊತ್ತಾಯಿತು. ಹತ್ತು ವರ್ಷ ಕಳೆದರೂ ಅದು ಏರಲಿಲ್ಲ. ಪಿಂಚಣಿದಾರರು 7,500 ಮತ್ತು ತುಟ್ಟಿಭತ್ಯೆ ಕೇಳಿ ದಿಲ್ಲಿಯ ತನಕ ಹೋಗಿದ್ದಾರೆ. ಅವರ ಬೇಡಿಕೆ ನಮ್ಮದೂ ಹೌದು. ಸಣ್ಣ ಹೊಟೇಲುಗಳವರಿಗೆ ಅಟಲ್ ಪಿಂಚಣಿ ಯೋಜನೆಯನ್ನು ತೋರಿಸುತ್ತಾರೆ: 30ರ ಹರೆಯದವನು ತಿಂಗಳಿಗೆ 577 ಕಟ್ಟಿದರೆ 60ರ ನಂತರ 5,000. ಏನೂ ಇಲ್ಲದವನು ಸೇರಲಿ. ಆದರೆ ಆ ಐದು ಸಾವಿರ ಇಂದಿನ ಬೆಲೆಯಲ್ಲಿ ಒಂದು ಸಾವಿರವೂ ಅಲ್ಲ. 20ಕ್ಕಿಂತ ಕಡಿಮೆ ಜನರಿರುವಲ್ಲಿ ಮಾಲಿಕರೂ ಹೆಚ್ಚಿನ ಕಾರ್ಮಿಕರೂ ಒಪ್ಪಿದರೆ ಫಂಡಿಗೇ ಸೇರಬಹುದು. ಅದನ್ನೇ ಕೇಳಬೇಕು.

ಉಳಿತಾಯದ ಮಾತು ಬಂದುದರಿಂದ ಒಂದು ಎಚ್ಚರಿಕೆ. ಮಂಗಳೂರಿನಿಂದ ಬಂದು ಈ ನಗರದ ಕಾರ್ಮಿಕರನ್ನು ಕಟ್ಟಿದ ಜಾರ್ಜ್ ಫೆರ್ನಾಂಡಿಸರು 1968ರಲ್ಲಿ ಕಾರ್ಮಿಕರಿಗೆಂದೇ ಸ್ಥಾಪಿಸಿದ ಬ್ಯಾಂಕು, ಹೆಸರು ಬದಲಾಗಿ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಾಗಿ, 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೆ ಸಿಕ್ಕಿತು. ಕೆಲ ತಿಂಗಳ ಮೇಲೆ ಸಾರಸ್ವತ ಬ್ಯಾಂಕಿನಲ್ಲಿ ಸೇರಿಹೋಯಿತು. ಸಂಸ್ಥಾಪಕರ ಹೆಸರು ನಿಮ್ಮ ಠೇವಣಿಯನ್ನು ಕಾಯುವುದಿಲ್ಲ. ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬನಿಗೆ 5 ಲಕ್ಷದ ತನಕ ಮಾತ್ರ.

ಈಗ ತುರ್ತಿನ ಸಂಗತಿ. ಹಳೆಯ ಕಾನೂನಿನಲ್ಲಿ ಫಂಡಿನ ಬಾಕಿಯ ವಿಚಾರಣೆಗೆ ವರ್ಷಗಳ ಮಿತಿ ಇರಲಿಲ್ಲ. ಹೊಸ ಸಂಹಿತೆಯಲ್ಲಿ ಬಾಕಿ ಬಿದ್ದು ಐದು ವರ್ಷ ದಾಟಿದರೆ ವಿಚಾರಣೆ ಆರಂಭಿಸುವಂತಿಲ್ಲ. ನೀವು ಸುಮ್ಮನಿದ್ದ ಒಂದೊಂದು ತಿಂಗಳಿಗೂ ಹಿಂದಿನ ಒಂದು ತಿಂಗಳು ಧಣಿಗಳ ಪಾಲಾಗುತ್ತದೆ. ಹಾಗಾಗಿ ಇಂದೇ ಫಂಡಿಗೆ ಜೋಡಿಸಿದ ಮೊಬೈಲಿನಿಂದ 99660 44425ಕ್ಕೆ ಮಿಸ್ಡ್ ಕಾಲ್ ಕೊಡಿ; ಖಾತೆಯಲ್ಲಿ ಎಷ್ಟಿದೆಯೆಂದು ಸಂದೇಶ ಬರುತ್ತದೆ. ಹೊಟೇಲು ಬದಲಿಸಿದಾಗ ಫಂಡು ತೆಗೆದು ಖರ್ಚು ಮಾಡಬೇಡಿ, ಹಳೆಯ ನಂಬರಿಗೇ ವರ್ಗ ಮಾಡಿಸಿ. ಹತ್ತು ವರ್ಷ ತುಂಬದವನಿಗೆ ಪಿಂಚಣಿಯೇ ಇಲ್ಲ. ನಂಬರೇ ಇಲ್ಲದವರು ಪಗಾರ ಬ್ಯಾಂಕಿಗೆ ಬಂದಿದ್ದರೆ ಅದರ ಪಾಸ್‌ಬುಕ್ಕು, ಹೊಟೇಲಿನ ಹೆಸರು ಹೊಲಿದ ಅಂಗಿ ತೊಟ್ಟ ಫೋಟೋ, ಕೈಬರಹದ ಪಗಾರ ಚೀಟಿ, ಡ್ಯೂಟಿ ಹಚ್ಚಿದ ವಾಟ್ಸಾಪಿನ ಸಂದೇಶ, ಏನಿದ್ದರೂ ತೆಗೆದಿಡಿ. ಜೊತೆಯಲ್ಲಿ ದುಡಿಯುವ ಒಡಿಶಾದ, ನೇಪಾಳದ ಹುಡುಗರನ್ನೂ ಕರೆತನ್ನಿ. ಅವರನ್ನು ಎಣಿಸಿದರೇ ಇಪ್ಪತ್ತು ತುಂಬುವುದು. ಒಂದೇ ಹೊಟೇಲಿನ ಐದಾರು ಮಂದಿ ಸೇರಿ ಬಂದರೆ ಅರ್ಜಿಯನ್ನು ನಾವು ಬರೆದುಕೊಡುತ್ತೇವೆ, ಬಾಂದ್ರಾ ಪೂರ್ವದ ಫಂಡು ಕಚೇರಿಗೆ ಜೊತೆಯಲ್ಲಿ ಬರುತ್ತೇವೆ. ಧಣಿಗಳು ಹೆಸರು ಕೇಳಿದರೆ ನನ್ನ ಹೆಸರು ಹೇಳಿರಿ.