ಮಾತ್ರೆ ಪುಕ್ಕಟೆ, ಕ್ಯೂ ದುಬಾರಿ

ಬೃಹನ್ಮುಂಬಯಿ ಮಹಾನಗರಪಾಲಿಕೆಯ ಆಯುಕ್ತರಿಗೆ,



1982ರ ಜುಲೈನಲ್ಲಿ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ‘ಕೂಲಿ’ ಚಿತ್ರದ ಹೊಡೆದಾಟಕ್ಕೆ ನಿಂತ ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟು ತಿಂದರು. ಆಮೇಲೆ ತಮ್ಮ ನಗರದ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಅವರು ಬದುಕಿಕೊಂಡದ್ದು ದೇಶಕ್ಕೇ ಗೊತ್ತು. ಸುಮಾರು ಇನ್ನೂರು ದಾನಿಗಳ ರಕ್ತದ ಜೊತೆ ಹೆಪಟೈಟಿಸ್ ಬಿ ವೈರಸ್ಸೂ ಮೈಸೇರಿದ್ದು ಅವರಿಗೆ ತಿಳಿದದ್ದು ಮಾತ್ರ ಸುಮಾರು ಎರಡು ದಶಕದ ಬಳಿಕ. ಅಷ್ಟರಲ್ಲಿ ಲಿವರಿನ ಮುಕ್ಕಾಲು ಪಾಲು ಹೋಗಿತ್ತು. ಇದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಅಂಥವರಿಗೇ ಅಷ್ಟು ಕಾಲ ಸುಳಿವು ಕೊಡದ ಕಾಯಿಲೆ, ಮಾಟುಂಗದ ಹೋಟೆಲಿನಲ್ಲಿ ದೋಸೆ ಹೊಯ್ಯುವ ಕುಂದಾಪುರದ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಒಂದೋ ಗಣೇಶೋತ್ಸವದ ರಕ್ತದಾನ ಶಿಬಿರ ಮುಗಿದ ಮೇಲೆ ಬ್ಲಡ್ ಬ್ಯಾಂಕಿನಿಂದ ಫೋನು ಬರುತ್ತದೆ, ಇಲ್ಲವೇ ಗಲ್ಫಿಗೆ ಹೊರಟವನ ಮೆಡಿಕಲ್ ರಿಪೋರ್ಟಿನ ಮೇಲೆ ‘ಅನ್‌ಫಿಟ್’ ಎಂದು ಬೀಳುತ್ತದೆ. ರಕ್ತ, ಲೈಂಗಿಕ ಸಂಪರ್ಕ, ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ: ಇದು ಹರಡುವುದು ಮುಖ್ಯವಾಗಿ ಹೀಗೆ. ಹಿಟ್ಟಿನಿಂದಲ್ಲ, ಲೋಟದಿಂದಲ್ಲ. ಆದರೂ ಕೆಲಸ ಹೋದೀತೆಂದು ಅಡುಗೆಮನೆಯವನು ಬಾಯಿಬಿಡುವುದಿಲ್ಲ.

ಊರಿಗೆ ಫೋನು ಮಾಡಿದರೆ, ಕಾಮಾಲೆ ಇರಬೇಕು, ನೆಲನೆಲ್ಲಿ ಅರೆದು ಕುಡಿ ಎನ್ನುತ್ತಾಳೆ ಅಮ್ಮ. ಅವಳನ್ನು ದೂರುವಂತಿಲ್ಲ. ಈ ವೈರಸ್ಸನ್ನು ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಕೂಡ ಸೇರಿ ಬರೆದ ಮದರಾಸಿನ ಅಧ್ಯಯನವೊಂದು 1988ರ ‘ಲ್ಯಾನ್ಸೆಟ್’ನಲ್ಲಿ ನೆಲನೆಲ್ಲಿಯ ಪರವಾಗಿಯೇ ಮಾತಾಡಿತ್ತು! ಮುಂದಿನ ಪ್ರಯೋಗಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ, ಅಷ್ಟೇ.

ಸಿಕ್ಕಿದ್ದು ಟೆನೊಫೊವಿರ್, ಎಂಟೆಕಾವಿರ್ ಎಂಬ ಮಾತ್ರೆಗಳು. ಸೋಂಕಿದ್ದವರೆಲ್ಲ ನುಂಗಬೇಕಿಲ್ಲ; ಲಿವರಿನ ಸ್ಥಿತಿ, ರಕ್ತದಲ್ಲಿನ ವೈರಸ್ಸಿನ ಪ್ರಮಾಣ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಯಾರಿಗೆ ಮಾತ್ರೆ ಎಂಬ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಸಡಿಲಿಸಿ ಇನ್ನಷ್ಟು ಜನರನ್ನು ಒಳಗೆ ಕರೆದುಕೊಂಡಿತು. ಭಾರತದಲ್ಲಿ 2.98 ಕೋಟಿ ಸೋಂಕಿತರು ಎಂಬುದು ಅದೇ ಸಂಸ್ಥೆಯ 2022ರ ಅಂದಾಜು.

ಟೆನೊಫೊವಿರ್ ಎಂದರೆ ಮೂವತ್ತು ಮಾತ್ರೆಯ ಪುಟ್ಟ ಡಬ್ಬಿ, ಒಳಗೊಂದು ಸಿಲಿಕಾ ಪೊಟ್ಟಣ. ದಿನಕ್ಕೊಂದು, 300 ಮಿಲಿಗ್ರಾಂ. ಅದರ ಪೇಟೆಂಟ್ ಅರ್ಜಿಯನ್ನು 2009ರಲ್ಲಿ ಭಾರತ ತಳ್ಳಿಹಾಕಿತು. ಎದುರು ನಿಂತವರಲ್ಲಿ ಮುಂಬಯಿಯ ಸಿಪ್ಲಾವೂ ಇತ್ತು. ಹಾಗಾಗಿ ಬೆಲೆ ಇಳಿದಿದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿಯಂತೂ ಪುಕ್ಕಟೆ.

ತೊಡಕಿರುವುದು ಬೇರೆ ಕಡೆ. ಈ ಮಾತ್ರೆ ವೈರಸ್ಸನ್ನು ಬೇರುಸಹಿತ ಕೀಳುವುದಿಲ್ಲ. ಲಿವರ್ ಕೋಶದ ಗರ್ಭದಲ್ಲಿ ಅದರ ಮೂಲಪ್ರತಿ ಕುಳಿತೇ ಇರುತ್ತದೆ. ಮಾತ್ರೆ ನಕಲು ತೆಗೆಯುವ ಯಂತ್ರವನ್ನಷ್ಟೇ ನಿಲ್ಲಿಸುತ್ತದೆ. ವೈದ್ಯರನ್ನು ಕೇಳದೆ ಬಿಟ್ಟರೆ ಯಂತ್ರ ಮತ್ತೆ ಓಡಿ, ಲಿವರ್ ಕೈಕೊಡುವವರೆಗೂ ಹೋಗಬಹುದು. ಅಂದಮೇಲೆ ಇದು ವರ್ಷಾನುಗಟ್ಟಲೆಯ, ಎಷ್ಟೋ ಜನಕ್ಕೆ ಬದುಕಿಡೀ ನಡೆಯುವ ವ್ರತ.

ಈಗ ಆ ಹುಡುಗನ ದಿನಚರಿ ನೋಡಿ. ದೊಡ್ಡ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಮಾಡಿಸುವ ಕ್ಯೂ ಬೆಳಗ್ಗೆ. ಇಡ್ಲಿ-ವಡೆಯ ಗಿರಾಕಿಗಳೂ ಬೆಳಗ್ಗೆಯೇ. ಕ್ಯೂನಲ್ಲಿ ನಿಂತರೆ ಆ ದಿನದ ಪಗಾರ ಹೋಯಿತು. ಪುಕ್ಕಟೆ ಮಾತ್ರೆಗೆ ಅವನು ತೆರುವ ಬೆಲೆ ಇದು.

ಪಾಲಿಕೆಯ ‘ಆಪ್ಲಾ ದವಾಖಾನಾ’ಗಳಲ್ಲಿ ಹಲವು ರಾತ್ರಿ 10ರವರೆಗೂ ತೆರೆದಿರುತ್ತವೆ. ಮಾತ್ರೆ ಒಗ್ಗಿದವರಿಗೆ ಅಲ್ಲೇ, ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ಕೊಡಿಸಬಾರದೇಕೆ? ರಕ್ತವನ್ನೂ ಅಲ್ಲೇ ತೆಗೆದು ಸ್ಯಾಂಪಲ್ಲನ್ನು ಲ್ಯಾಬಿಗೆ ಕಳಿಸಲಿ. ಮನುಷ್ಯನನ್ನು ಅಲೆಸುವುದಕ್ಕಿಂತ ಸ್ಯಾಂಪಲ್ಲನ್ನು ಅಲೆಸುವುದು ವಾಸಿ. ಜೊತೆಗೆ ಉಡುಪಿ, ಮಂಗಳೂರಿನ ಸರ್ಕಾರಿ ಆಸ್ಪತ್ರೆಯೂ ಒಪ್ಪಿ ಮಾತ್ರೆ ಕೊಡುವಂಥ ಒಂದು ಚೀಟಿ ಬೇಕು.

ಚೀಟಿಯ ಮಾತು ಸುಮ್ಮನೆ ಬಂದದ್ದಲ್ಲ. ಏಪ್ರಿಲ್, ಮೇ ಬಂತೆಂದರೆ ಕೋಲ, ಜಾತ್ರೆ, ಮದುವೆ ಎಂದು ಹೋಟೆಲಿನ ಹುಡುಗರು ಊರಿನ ಬಸ್ಸು ಹತ್ತುತ್ತಾರೆ. ಹದಿನೈದು ದಿನಕ್ಕೆಂದು ಹೋದವರು ಎರಡು ತಿಂಗಳು ನಿಂತುಬಿಡುವುದೂ ಉಂಟು. ಮಾರ್ಚ್ ಒಳಗೆ ತಮ್ಮ ಸುತ್ತೋಲೆ ಹೊರಟರೆ, ಮೂರು ಡಬ್ಬಿಗಳು ಈ ಬೇಸಿಗೆಗೇ ಅವರ ಚೀಲ ಸೇರುತ್ತವೆ.