ಪದವನ್ನಷ್ಟೇ ಕೇಳುವ ಕಿವಿ

ಹೋದ ತಿಂಗಳು ನಮ್ಮ ಓರಗೆಯ ಪತ್ರಿಕೆಯೊಂದು ಬೆಂಗಳೂರಿನ ಬಗ್ಗೆ ದಪ್ಪನೆಯ ವಿಶೇಷಾಂಕ ತಂದಿತು. ಕೆಂಪೇಗೌಡರ ಗೋಪುರ, ಮುಚ್ಚಿಹೋದ ಕೆರೆಗಳು, ಗಾಂಧಿ ಬಜಾರಿನ ದೋಸೆ, ಕಡಲೆಕಾಯಿ ಪರಿಷೆ ಎಲ್ಲವೂ ಇದ್ದವು. ಸಂಗೀತಕ್ಕೆ ನಾಲ್ಕು ಪುಟ. ಅದರಲ್ಲಿ ರಾಮನವಮಿಯ ಪೆಂಡಾಲು, ಭಾವಗೀತೆಗಳ ಕ್ಯಾಸೆಟ್ ಕಾಲ, ಅಲ್ಲಿಗೆ ಮುಗಿಯಿತು. ದಂಡು ಪ್ರದೇಶದ ಕಡೆ ಪಾಶ್ಚಾತ್ಯ ಅಬ್ಬರವೂ ನಡೆಯುತ್ತಿತ್ತು ಎಂಬರ್ಥದ ಒಂದು ವಾಕ್ಯ ಕೊನೆಯಲ್ಲಿ, ಮದುವೆ ಮನೆಯಲ್ಲಿ ದೂರದ ನೆಂಟರಿಗೆ ಕೊಟ್ಟ ತಾಂಬೂಲದ ಹಾಗೆ. ಆ ಒಂದು ವಾಕ್ಯಕ್ಕಾಗಿ ಈ ತಿಂಗಳ ನನ್ನ ಪುಟವಿಡೀ ಮೀಸಲು.

ಆ ಅಬ್ಬರದವರಲ್ಲಿ ಒಂದು ತಂಡಕ್ಕೆ ಈಗ ಮೂವತ್ತು ತುಂಬುತ್ತಿದೆ. ಥರ್ಮಲ್ ಅಂಡ್ ಎ ಕ್ವಾರ್ಟರ್. 1996ರಲ್ಲಿ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿಕೊಂಡದ್ದು. ಹೆಸರಿನ ತಮಾಷೆ ಅಭಿಮಾನಿಗಳಿಗೆಲ್ಲ ಗೊತ್ತು: ಮೂವರು ಮಲಯಾಳಿಗಳು, ಅಂದರೆ ‘ತ್ರೀ ಮಲ್’, ಮತ್ತೊಬ್ಬ ಕಾಲು ಪಾಲು. ಆ ಕಾಲು ಪಾಲಿನವನೇ ಗಿಟಾರ್ ನುಡಿಸುತ್ತ ಹಾಡುವ ಬ್ರೂಸ್ ಲೀ ಮಣಿ. ಡ್ರಮ್ಸ್ ಹಿಂದೆ ರಾಜೀವ್ ರಾಜಗೋಪಾಲ್. ಬೇಸ್ ಗಿಟಾರಿನವರು ಬದಲಾದರು, ಬಂದರು, ಹೋದರು, ಇವರಿಬ್ಬರು ಉಳಿದರು. ಹಾಡೆಲ್ಲ ಇಂಗ್ಲಿಷಿನಲ್ಲಿ. ನಮ್ಮ ವಿಶೇಷಾಂಕದವರಿಗೆ ಅಷ್ಟು ಸಾಕಾಯಿತು, ಹೊರಗಿಟ್ಟರು.

1996 ಎಂಥ ವರ್ಷ ಎಂಬುದನ್ನು ನಮ್ಮ ಓದುಗರಿಗೆ ಹೇಳಬೇಕಿಲ್ಲ. ಜನವರಿಯಲ್ಲಿ ಬ್ರಿಗೇಡ್ ರಸ್ತೆಯ ಕೆಂಟಕಿ ಕೋಳಿ ಅಂಗಡಿಗೆ ರೈತ ಸಂಘದವರು ನುಗ್ಗಿದ್ದರು. ನವೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ, ಹೊರಗೆ ಲಾಠಿ. ನಾವೆಲ್ಲ ರೈತ ಸಂಘದ ನಾಯಕ ಪ್ರೊಫೆಸರ್ ನಂಜುಂಡಸ್ವಾಮಿಯವರ ಕಡೆ ಇದ್ದವರು, ನಾನು ಈಗಲೂ ಅದೇ ಕಡೆ. ಆದರೆ ಆ ಹುರುಪಿನಲ್ಲಿ ನಾವೊಂದು ಯಡವಟ್ಟು ಮಾಡಿದೆವು. ಕೋಳಿ, ಕೋಲಾ, ಕಿರೀಟ, ಗಿಟಾರು ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ಬಹುರಾಷ್ಟ್ರೀಯ ಎಂದು ಬರೆದು ಹೊಲಿದುಬಿಟ್ಟೆವು. ಬಹುರಾಷ್ಟ್ರೀಯ ಕಂಪನಿಯ ಹಂಗಿಲ್ಲದೆ ಸಂಗೀತ ಮಾಡಲು ಹೊರಟ ಹುಡುಗರು ಅದೇ ಊರಿನಲ್ಲಿ, ಅದೇ ವರ್ಷ, ತಮ್ಮ ಆಂಪ್ಲಿಫೈಯರ್ ತಾವೇ ಹೊರುತ್ತಿದ್ದರು ಎಂಬುದು ನಮಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ ಅನ್ನಿ.

ಆ ಕಾಲದಲ್ಲಿ ಕ್ಯಾಸೆಟ್ ಕಂಪನಿಗಳು ಬೆಳೆಸುತ್ತಿದ್ದದ್ದು ಇಂಡಿಪಾಪನ್ನು. ಟೀವಿಯಲ್ಲಿ ಮುಖ ಕಾಣಬೇಕು, ಹಾಡು ಹಿಂದಿಯಲ್ಲಿರಬೇಕು, ನಾಲ್ಕು ನಿಮಿಷದಲ್ಲಿ ಮುಗಿಯಬೇಕು. ಇವರು ಮೂರನ್ನೂ ಮಾಡಲಿಲ್ಲ. ಮೊದಲ ಆಲ್ಬಂ 2000ದಲ್ಲಿ ಬಂತು, ತಂಡದ ಹೆಸರಿಗೆ ಒಂದು ಡಾಟ್‌ಕಾಮ್ ಅಂಟಿಸಿದ್ದೇ ಅದರ ಹೆಸರು. ಊರಿಗೆ ಊರೇ ಡಾಟ್‌ಕಾಮ್ ಜ್ವರದಲ್ಲಿದ್ದ ವರ್ಷ ಅದು. ಆಮೇಲೆ 2002ರಲ್ಲಿ ಜುಪಿಟರ್ ಕೆಫೆ, 2005ರಲ್ಲಿ ಪ್ಲಾನ್ ಬಿ, 2008ರಲ್ಲಿ ದಿಸ್ ಈಸ್ ಇಟ್. 2001ರಲ್ಲಿ ಡೀಪ್ ಪರ್ಪಲ್ ಬೆಂಗಳೂರಿಗೆ ಬಂದಾಗ ಅವರಿಗಿಂತ ಮೊದಲು ವೇದಿಕೆ ಏರಿದ್ದೂ ಇವರೇ. ಹಿಂದಿ ಹೇರಿಕೆಯ ಬಗ್ಗೆ ವರ್ಷಕ್ಕೆರಡು ಸಂಪಾದಕೀಯ ಬರೆಯುವ ನಾವು (ನಾನು ಮೂರು ಬರೆದದ್ದೂ ಉಂಟು), ಹಿಂದಿ ಮಾರುಕಟ್ಟೆಗೆ ಬಗ್ಗದ ಬೆಂಗಳೂರಿನವರನ್ನು ಒಂದು ಸಲವೂ ಮಾತಾಡಿಸಲಿಲ್ಲ.

ಈಗ ಸಂಗೀತದ ಮಾತು. ಪ್ರೋಗ್ರೆಸಿವ್ ರಾಕ್ ಎಂದರೆ ಕಿರುಚಾಟ ಎಂದುಕೊಂಡವರು ಅದನ್ನು ಕೇಳಿಲ್ಲ, ಅಷ್ಟೇ. 1969ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಂ ಬಂದ ಕಾಲಕ್ಕೆ ಇಂಗ್ಲೆಂಡಿನ ಹುಡುಗರು ಮಾಡಲು ಹೊರಟದ್ದು ಇಷ್ಟು: ಪಲ್ಲವಿ, ಚರಣ, ಪಲ್ಲವಿ ಎಂಬ ಅಚ್ಚು ಮುರಿಯುವುದು, ಹಾಡನ್ನು ಉದ್ದಕ್ಕೆ ಬೆಳೆಯಲು ಬಿಡುವುದು, ನಾಲ್ಕರ ಎಣಿಕೆಯಿಂದ ಹೊರಗೆ ಬರುವುದು. ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ ಏಳರ ಲೆಕ್ಕದ್ದು. ಜೆತ್ರೋ ಟಲ್ ತಂಡದ ‘ಲಿವಿಂಗ್ ಇನ್ ದ ಪಾಸ್ಟ್’ ಐದರದ್ದು. ಮಿಶ್ರಛಾಪು, ಖಂಡಛಾಪು ತೊಡೆಯ ಮೇಲೆ ತಟ್ಟಿಕೊಂಡು ಬೆಳೆದ ನಮಗೆ ಇದು ಹತ್ತಿರದ ನೆಂಟಸ್ತಿಕೆ. ಲಂಡನ್ನಿನವನು ಬೆರಳು ಮಡಿಸಿ ಎಣಿಸಬೇಕಾದದ್ದನ್ನು ಯಕ್ಷಗಾನ ನೋಡುವ ನಮ್ಮ ಮಗು ನಿದ್ದೆಗಣ್ಣಿನಲ್ಲಿ ಹಿಡಿಯುತ್ತದೆ.

ಬ್ರೂಸ್ ಲೀ ಮಣಿ ನುಡಿಸುವುದನ್ನು ಹತ್ತಿರದಿಂದ ನೋಡಬೇಕು. ತಂಡ ಮೂರೇ ಜನರದ್ದಾಗಿದ್ದ ಕಾಲದಲ್ಲಿ ಗಿಟಾರಿನವನಿಗೆ ಬಿಡುವಿರಲಿಲ್ಲ. ಸ್ವರಗುಚ್ಛವೂ ಅವನದೇ, ನಡುವಿನ ಎಳೆಯೂ ಅವನದೇ, ಮೇಲೆ ಹಾಡಬೇಕಿತ್ತು. ಜಾಝಿನ ತೊಡಕು ಸ್ವರಗುಚ್ಛಗಳನ್ನು ಬ್ಲೂಸಿನ ಒರಟುತನದೊಳಗೆ ತುರುಕಿ, ಫಂಕಿನ ಕುಣಿತಕ್ಕೆ ಹತ್ತಿಸುತ್ತಾರೆ. ಕಾಲು ತಾಳ ಹಾಕಲು ಶುರುಮಾಡಿದ ಕೂಡಲೇ ರಾಜೀವ್ ಪೆಟ್ಟನ್ನು ಒಂದು ಎಳೆ ಆಚೆ ಜಾರಿಸುತ್ತಾರೆ. ನಾವು ಎಡವುತ್ತೇವೆ, ಅವರು ನಗುತ್ತಾರೆ. ಇದನ್ನು ಅವರು ಬೆಂಗಳೂರು ರಾಕ್ ಎಂದು ಕರೆದುಕೊಂಡರು. ಜಂಭ ಅಲ್ಲ ಅದು. ಹಳ್ಳ ತಪ್ಪಿಸಿಕೊಂಡು, ಎದುರು ದಿಕ್ಕಿನಲ್ಲಿ ನುಗ್ಗಿ, ಆದರೂ ಹೊತ್ತಿಗೆ ಸರಿಯಾಗಿ ಮೆಜೆಸ್ಟಿಕ್ ಮುಟ್ಟುವ ಆಟೋದ ಲಯ ಅದರಲ್ಲಿದೆ. ಅವರಿಗೂ ಇದು ಗೊತ್ತಿತ್ತು. 2012ರಲ್ಲಿ ಮೂರು ಸೀಡಿಗಳ ಆಲ್ಬಂ ತಂದು ಅದಕ್ಕೆ ತ್ರೀ ವೀಲ್ಸ್ ನೈನ್ ಲೈವ್ಸ್ ಎಂದು ಹೆಸರಿಟ್ಟರು. ಅದರಲ್ಲೊಂದು ಹಾಡಿನ ಹೆಸರು ‘ಮೀಟರ್ ಮೇಲೆ ಒನ್ ಅಂಡ್ ಎ ಹಾಫ್’. ರಾತ್ರಿ ಹತ್ತರ ಮೇಲೆ ಆಟೋಕ್ಕೆ ಕೈ ಅಡ್ಡ ಹಾಕಿದ ಯಾರಿಗೂ ಅನುವಾದ ಬೇಡ. ನಮ್ಮ ನಗರ ಕಾದಂಬರಿಗಳಲ್ಲಿ ಎಷ್ಟರಲ್ಲಿ ಈ ಊರಿನ ಮಾತು ಇಷ್ಟು ನಿಖರವಾಗಿ ಬಂದಿದೆ?

ನನ್ನ ಹಳೆಯ ತಕರಾರು ಇಲ್ಲಿಗೇ ಬಂದು ನಿಲ್ಲುತ್ತದೆ. ಕನ್ನಡ ವಿಮರ್ಶೆಗೆ ಪದ ಕೇಳುವ ಕಿವಿ ಇದೆ, ನಾದ ಕೇಳುವ ಕಿವಿ ಇಲ್ಲ. ಸಿ. ಅಶ್ವತ್ಥ್ ಅವರ ರಾಗಸಂಯೋಜನೆ ಕವಿತೆಯ ಅರ್ಥಕ್ಕೆ ನ್ಯಾಯ ಕೊಟ್ಟಿತೇ ಎಂದು ಪುಟಗಟ್ಟಲೆ ಜಗಳವಾಡಿದ್ದೇವೆ. ಆ ವಾದ್ಯಮೇಳದೊಳಗೆ ಏನು ನಡೆಯುತ್ತಿತ್ತು ಎಂದು ಕೇಳಿದವರು ಎಷ್ಟು ಮಂದಿ? 2005ರಲ್ಲಿ ಅರಮನೆ ಮೈದಾನದಲ್ಲಿ ಅವರ ‘ಕನ್ನಡವೇ ಸತ್ಯ’ ನಡೆದಾಗ ನಾವೆಲ್ಲ ಕಣ್ಣೊರೆಸಿಕೊಂಡು ಬರೆದೆವು, ಬರೆಯಬೇಕಾದ್ದೇ. ಅದಕ್ಕಿಂತ ಮುಂಚೆ ಅದೇ ಮಣ್ಣಿನ ಮೇಲೆ 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದು ಹೋಗಿದ್ದರು. ಸಾಹಿತ್ಯ ಪತ್ರಿಕೆಗಳ ಹಳೆಯ ಕಟ್ಟು ಬಿಚ್ಚಿ ನೋಡಿ, ನಮ್ಮದನ್ನೇ ಮೊದಲು ಬಿಚ್ಚಿ. ಕಾಫ್ಕಾ, ಕಮೂ, ಸಾರ್ತ್ರ್ ಎಂದು ಒಂದು ತಲೆಮಾರು ಹಾಡಿ ಕುಣಿದ ನಮಗೆ ಪಶ್ಚಿಮ ಅಚ್ಚಿನ ರೂಪದಲ್ಲಿ ಬಂದರೆ ಚಿಂತನೆ, ಸ್ಪೀಕರಿನಲ್ಲಿ ಬಂದರೆ ಅಬ್ಬರ.

ಪೊಲೀಸರ ಕಿವಿಯೂ ನಮ್ಮದರ ಹಾಗೆಯೇ. ಈ ಊರಿನ ಕನ್ನಡ ಪತ್ರಿಕೆಗಳ ಅಪರಾಧ ಪುಟದಲ್ಲಿ ಲೈವ್ ಬ್ಯಾಂಡ್ ಎಂದರೆ ಬಾರಿನಲ್ಲಿ ಹೆಣ್ಣುಮಕ್ಕಳನ್ನು ಕುಣಿಸುವ ಜಾಗ. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶ ಬಂದಮೇಲೆ, ಗಿಟಾರು ಹಿಡಿದ ಹುಡುಗನೂ ಅದೇ ಸಾಲಿನಲ್ಲಿ ನಿಲ್ಲಬೇಕಾಯಿತು. 2008ರಲ್ಲಿ ಬಿಗಿ ಮಾಡಿದಾಗ ಪಬ್ಬುಗಳು ವೇದಿಕೆ ಕಿತ್ತವು. 2018ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿಹಿಡಿದ ಮೇಲೆ ಇನ್ನೊಂದು ಸುತ್ತು ಮೌನ. ನಾಟಕವೊಂದಕ್ಕೆ ಠಾಣೆಯಿಂದ ಅನುಮತಿ ಸಿಗದಿದ್ದರೆ ಟೌನ್‌ಹಾಲ್ ಮುಂದೆ ಕೂರುವ ನಾವು, ಅದನ್ನು ಕುಡುಕರ ಸಮಸ್ಯೆ ಎಂದು ಬಿಟ್ಟೆವು. ಈ ಪತ್ರಿಕೆಯೂ ಬಿಟ್ಟಿತು. ಆಗ ಸಂಪಾದಕನಾಗಿದ್ದವನು ನಾನೇ.

ಥರ್ಮಲ್ ತಂಡದವರ ಪಾದಪೂಜೆ ಮಾಡಬೇಕು ಎಂದು ನಾನು ಹೇಳುತ್ತಿಲ್ಲ. ಅವರ ಇಂಗ್ಲಿಷಿಗೆ ಕೆಲವು ಕಡೆ ಕಾಲೇಜಿನ ಕ್ಯಾಂಟೀನು ವಾಸನೆ ಬಿಟ್ಟಿಲ್ಲ. ನಾನು ಕೇಳಿದ ಮಟ್ಟಿಗೆ ಕನ್ನಡ ಅವರಲ್ಲಿ ಬರುವುದು ಆಟೋದ ಕನ್ನಡವಾಗಿ, ಆ ಆಟೋದವನ ಮನೆಯೊಳಕ್ಕೆ ಹಾಡು ಹೋಗುವುದಿಲ್ಲ. ಇದನ್ನು ಅವರ ಮುಖಕ್ಕೇ ಹೇಳುವ ವಿಮರ್ಶಕ ಬೇಕಿತ್ತು. ಕೇಳದೆ ಇರುವವನಿಗೆ ಬಯ್ಯುವ ಹಕ್ಕೂ ಇರುವುದಿಲ್ಲವಲ್ಲ. ಅತ್ತ ಶಿಶುನಾಳ ಶರೀಫರ ಪದ ಎತ್ತಿಕೊಂಡ ಗಾಯಕ ರಘು ದೀಕ್ಷಿತರನ್ನು ನಾವು ತಕ್ಷಣ ಒಳಗೆ ಕರೆದೆವು. ಸಂತೋಷ. ಆದರೆ ಅಲ್ಲೂ ನಾವು ಕೇಳಿದ್ದು ಶರೀಫರನ್ನೇ.

ಹುಡುಗರಿಗೆ ವೇದಿಕೆ ಸಿಗುವುದೇ ದೊಡ್ಡದು, ದುಡ್ಡೇಕೆ ಎನ್ನುವ ಕಾರ್ಯಕ್ರಮ ವ್ಯವಸ್ಥಾಪಕರ ಬಗ್ಗೆ ಬರೆಯಲು ಜಾಗವಿಲ್ಲ. ಅವರಿಗೂ, ಲೇಖಕರಿಗೆ ಗೌರವಧನದ ಬದಲು ಗೌರವಪ್ರತಿ ಕಳಿಸುವ ನಮ್ಮ ಪ್ರತಿಸ್ಪರ್ಧಿಗಳಿಗೂ ವ್ಯತ್ಯಾಸ ಹೆಚ್ಚಿಲ್ಲ. ಥರ್ಮಲ್‌ನವರು ತಾಕಡೆಮಿ ಎಂಬ ಶಾಲೆ ತೆರೆದು ಮಕ್ಕಳಿಗೆ ಸಂಗೀತ ಕಲಿಸಿದರು, 2020ರಲ್ಲಿ ಎ ವರ್ಲ್ಡ್ ಗಾನ್ ಮ್ಯಾಡ್ ಎಂಬ ಆಲ್ಬಂ ತಂದರು. ನಮ್ಮವರು ಸರ್ಕಾರಿ ಜಾಹೀರಾತಿನ ಹಿಂಪುಟಕ್ಕೆ ಕಾಯುತ್ತಾರೆ.

ಈ ಸಂಚಿಕೆಯ ವಿಷಯ: ನಗರ ಮತ್ತು ನಾದ.

ಕಾಗದದ ಬೆಲೆ ಏರಿದ್ದರಿಂದ ಮುಂದಿನ ತಿಂಗಳಿನಿಂದ ಬಿಡಿ ಪ್ರತಿಗೆ ಹತ್ತು ರೂಪಾಯಿ ಜಾಸ್ತಿ. ಹಳೆಯ ಚಂದಾದಾರರಿಗೆ ಅವಧಿ ಮುಗಿಯುವವರೆಗೆ ಹಳೆಯ ದರವೇ. ಮೀಟರ್ ಮೇಲೆ ಕೇಳುವುದಿಲ್ಲ.